ಕಾರ್ ಶೋಗಳಲ್ಲಿ ಫೋಟೊ ಪ್ರಿಂಟ್ ಮಾರಾಟ: ಸೈಜ್ ಮತ್ತು ಬೆಲೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು, ಮೈಸೂರು ಕಡೆ ನಡೆಯುವ ಹಳೇ ಕಾರುಗಳ ಶೋ, ರ್‍ಯಾಲಿಗಳಲ್ಲಿ ನಾನು ಫೋಟೊ ತೆಗೆದು ಪ್ರಿಂಟ್ ಮಾರುತ್ತೇನೆ. ಒಂದು ಮಡಚುವ ಟೇಬಲ್, ಎರಡು ಸ್ಟ್ಯಾಂಡ್, ಒಂದು ಡಬ್ಬಿ ತುಂಬ ಪ್ರಿಂಟ್, ಇಷ್ಟೇ ನನ್ನ ಅಂಗಡಿ. ಹೊಸದಾಗಿ ಶುರು ಮಾಡುವವರು ಟೇಬಲ್ ಹತ್ತಿರ ಬಂದು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಅವಕ್ಕೆಲ್ಲ ಇಲ್ಲಿ ಉತ್ತರ ಬರೆದಿದ್ದೇನೆ. ಇಲ್ಲಿರುವ ರೂಪಾಯಿ ಲೆಕ್ಕ ನನ್ನ ಟೇಬಲ್‌ನದ್ದು. ನಿಮ್ಮ ಊರಿನ ಲ್ಯಾಬ್ ರೇಟು ಬೇರೆ ಇರಬಹುದು, ಲೆಕ್ಕ ಹಾಕುವ ರೀತಿ ಮಾತ್ರ ಇದೇ.

ಶೋಗೆ ಬಂದವರೆಲ್ಲ ಮೊಬೈಲ್‌ನಲ್ಲಿ ಫೋಟೊ ಹೊಡ್ಕೋತಾರೆ. ಪ್ರಿಂಟ್ ಯಾರು ತಗೋತಾರೆ?

ಕಾರಿನ ಮಾಲೀಕರು. ಮೊದಲು ಇದೊಂದು ಮನಸ್ಸಿಗೆ ಬಂದರೆ ಮುಂದಿನದೆಲ್ಲ ಸುಲಭ. ನೋಡಲು ಬಂದ ಸಾವಿರ ಜನ ನಿಮ್ಮ ಟೇಬಲ್ ಮುಂದೆ ನಿಂತು "ಸೂಪರ್ ಆಗಿದೆ" ಅಂತ ಹೇಳಿ ಹೋಗುತ್ತಾರೆ. ದುಡ್ಡು ತೆಗೆಯುವವರು ಆ ಕಾರನ್ನು ಬೆಳಗ್ಗೆ ಐದಕ್ಕೆ ಎದ್ದು ತೊಳೆದು ತಂದವರು. ಅವರ ಜೊತೆ ಬಂದ ಹೆಂಡತಿ, ಮಗ, ಅಳಿಯ. ಇನ್ನು ಕೆಲವರು "ನಮ್ಮ ತಂದೆ ಹತ್ರ ಇಂಥದ್ದೇ ಇತ್ತು" ಅನ್ನುವವರು. ಇವರೂ ಒಳ್ಳೆಯ ಗಿರಾಕಿಗಳೇ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮೈಸೂರಿನಲ್ಲೇ ತಯಾರಾದ ಜಾವಾ, ಯೆಜ್ಡಿ ಬೈಕ್‌ಗಳ ಪ್ರಿಂಟ್ ಹೀಗೇ ಹೋಗುತ್ತವೆ. ಕೋಟಿ ಬೆಲೆಯ ರೋಲ್ಸ್ ರಾಯ್ಸ್ ಮುಂದೆ ಜನ ಜಾಸ್ತಿ ಸೇರುತ್ತಾರೆ, ಆದರೆ ಅದರ ಪ್ರಿಂಟ್ ಮನೆಗೆ ಒಯ್ಯುವವರು ಕಮ್ಮಿ. ಅದು ಅವರ ನೆನಪಿನ ಕಾರಲ್ಲ.

ಹಾಗಾಗಿ ಸೈಜ್ ಇರಲಿ, ಬೆಲೆ ಇರಲಿ, ಆ ಮಾಲೀಕರ ಮನೆ ಗೋಡೆಯನ್ನು ಮನಸ್ಸಿನಲ್ಲಿಟ್ಟುಕೊಂಡು ತೀರ್ಮಾನ ಮಾಡಿ.

ಯಾವ ಫೋಟೊ ಖರ್ಚಾಗುತ್ತೆ ಅಂತ ಮೊದಲೇ ಗೊತ್ತಾಗುತ್ತಾ?

ಪೂರ್ತಿ ಗೊತ್ತಾಗಲ್ಲ. ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಸ್ಟ್ಯಾಂಡರ್ಡ್ ಹೆರಾಲ್ಡ್ ತಂದಿದ್ದರು. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಎರಡು ಬಾಗಿಲಿನ ಪುಟ್ಟ ಕಾರು, ಕೆನೆ ಬಣ್ಣ. ಮುಂಭಾಗ, ಪಕ್ಕ ಎರಡೂ ಕಾಣುವ ಹಾಗೆ ಚೆಂದದ ಬೆಳಕಿನಲ್ಲಿ ತೆಗೆದ ಫೋಟೊ ಅವರಿಗೆ ತೋರಿಸಿದೆ. ನೋಡಿದರು, ಪಕ್ಕಕ್ಕಿಟ್ಟರು. ಅವರ ಮನೆಯವರು ಡಬ್ಬಿಯಲ್ಲಿ ಒಂದೊಂದೇ ಕವರ್ ಸರಿಸುತ್ತಾ ಹೋಗಿ ಬೇರೆಯದೊಂದನ್ನು ಎತ್ತಿಕೊಂಡರು. ಮೇಷ್ಟ್ರು ಹಳೇ ಪಂಚೆಯ ತುಂಡು ಹಿಡಿದು, ಬಾಗಿ, ಮುಂದಿನ ಗಾಜು ಒರೆಸುತ್ತಿದ್ದ ಫೋಟೊ ಅದು. ಕಾರು ಅರ್ಧವೇ ಕಾಣುತ್ತಿತ್ತು. "ಮನೇಲಿ ಒಂದು ಲೋಟ ತೊಳೆಯಲ್ಲ ಇವರು, ಇದನ್ನ ಮಾತ್ರ ದಿನಾ ಒರೆಸ್ತಾರೆ. ಇದೇ ಕೊಡಪ್ಪಾ, ದೊಡ್ಡದೇ ಕೊಡು" ಅಂದರು. 12×18 ಇಂಚಿನ ಪ್ರಿಂಟ್ ಆರ್ಡರ್ ಆಯ್ತು.

ಅವತ್ತಿನಿಂದ ಪ್ರತಿ ಕಾರಿಗೂ ಮೂರು ಫೋಟೊ ತೆಗೆಯುವ ರೂಢಿ ಮಾಡಿಕೊಂಡೆ. ಪೂರ್ತಿ ಕಾರು ಒಂದು. ಹತ್ತಿರದ್ದೊಂದು, ಅಂದರೆ ಡ್ಯಾಶ್‌ಬೋರ್ಡ್ ಮೇಲಿನ ಗಣಪತಿ, ಬಾನೆಟ್ ಮೇಲಿನ ಗುರುತು, ಸ್ಟೇರಿಂಗ್ ಇಂಥದ್ದು. ಮಾಲೀಕರ ಜೊತೆಗಿರುವುದು ಇನ್ನೊಂದು. ಮೂರನೆಯದನ್ನು ಮಾತ್ರ ಯಾವತ್ತೂ ಬಿಡಬೇಡಿ.

ಎಷ್ಟು ಸೈಜ್ ಇಡಬೇಕು? ಯಾವ್ಯಾವುದು?

ಮೂರು ಸಾಕು. 6×8, 8×12, 12×18. ಇವು ಇಂಚಿನ ಲೆಕ್ಕ. ಇವಕ್ಕಿಂತ ದೊಡ್ಡದನ್ನೆಲ್ಲ ಆರ್ಡರ್ ಮೇಲೆ ಮಾಡಿಸಿಕೊಡಿ.

ನಾನು ಶುರು ಮಾಡಿದಾಗ ಏಳು ಸೈಜ್ ಇಟ್ಟಿದ್ದೆ. ಗಿರಾಕಿ ಫೋಟೊ ನೋಡುವುದು ಬಿಟ್ಟು ರೇಟ್ ಬೋರ್ಡ್ ನೋಡುತ್ತಾ ನಿಲ್ಲುತ್ತಿದ್ದರು. "ಇದಕ್ಕೂ ಅದಕ್ಕೂ ಏನು ವ್ಯತ್ಯಾಸ?" ಅಂತ ಕೇಳುತ್ತಿದ್ದರು. ಆಮೇಲೆ "ಒಂದು ರೌಂಡ್ ಹೋಗಿ ಬರ್ತೀನಿ" ಅಂತ ಹೋದವರು ಬರುತ್ತಲೇ ಇರಲಿಲ್ಲ. ಮೂರಕ್ಕೆ ಇಳಿಸಿದ ಮೇಲೆ ಮಾತು ಬೇಗ ಮುಗಿಯಲು ಶುರುವಾಯಿತು.

8×12, 12×18 ಯಾಕೆ ಅಂದರೆ, ನಮ್ಮ ಕ್ಯಾಮೆರಾಗಳ ಚಿತ್ರ ಮೂರಕ್ಕೆ ಎರಡರ ಅಳತೆಯದು. ಈ ಎರಡು ಸೈಜ್ ಕೂಡ ಅದೇ ಅಳತೆ. ಯಾವ ಕಡೆಯಿಂದಲೂ ಒಂದು ಚೂರೂ ಕತ್ತರಿಸಬೇಕಾಗಿಲ್ಲ. ಜೊತೆಗೆ ಈ ಸೈಜಿನ ರೆಡಿ ಫ್ರೇಮ್ ಎಲ್ಲಾ ಊರಿನಲ್ಲೂ ಸಿಗುತ್ತೆ. ಮದುವೆ ಆಲ್ಬಮ್ ಮಾಡುವ ಲ್ಯಾಬ್‌ಗಳೆಲ್ಲ 12 ಇಂಚು ಅಗಲದ ರೋಲ್ ಇಟ್ಟುಕೊಂಡಿರುತ್ತವೆ. ಹಾಗಾಗಿ 12×18ವರೆಗೆ ರೇಟು ಕಮ್ಮಿ, ಅದನ್ನು ದಾಟಿದರೆ ಒಮ್ಮೆಲೇ ಏರುತ್ತೆ.

6×8 ಇಡುವುದು ಕೈಯಲ್ಲಿ ಹಿಡಿದು ಹೋಗುವವರಿಗೆ. ಮೊಬೈಲ್ ಫೋಟೊಗಳು ನಾಲ್ಕಕ್ಕೆ ಮೂರರ ಅಳತೆಯವು, ಅವು 6×8ಗೆ ಸರಿಯಾಗಿ ಕೂರುತ್ತವೆ. ಕ್ಯಾಮೆರಾ ಫೋಟೊ ಆದರೆ ಉದ್ದದಲ್ಲಿ ಒಂದು ಇಂಚಿನಷ್ಟು ಹೋಗುತ್ತೆ, ಅದನ್ನು ನೋಡಿಕೊಂಡು ಕ್ರಾಪ್ ಮಾಡಿ.

8×10 ತುಂಬಾ ಕಡೆ ಕೇಳ್ತೀವಲ್ಲ, ಅದು ಯಾಕೆ ಬೇಡ?

ಮನುಷ್ಯರ ಮುಖಕ್ಕೆ 8×10 ಚೆನ್ನಾಗಿರುತ್ತೆ. ಕಾರಿಗೆ ಅದು ಸರಿ ಹೋಗಲ್ಲ. ಕ್ಯಾಮೆರಾ ಫೋಟೊವನ್ನು 8×10ಗೆ ಹಾಕಿದರೆ ಉದ್ದದಲ್ಲಿ ಎರಡು ಇಂಚು ಕತ್ತರಿಸಿ ಹೋಗುತ್ತೆ. ಮುಖವಾದರೆ ಪಕ್ಕದ ಗೋಡೆ ಹೋಗುತ್ತೆ, ಅಷ್ಟೇ. ಕಾರು ಉದ್ದದ ವಸ್ತು. ಬಂಪರ್ ಹೋಗುತ್ತೆ, ಲೈಟ್ ಹೋಗುತ್ತೆ.

ಒಮ್ಮೆ ಕಾಂಟೆಸ್ಸಾ ಕಾರಿನ ಪ್ರಿಂಟ್ ಹೀಗೇ ಹಾಳಾಯಿತು. ಲ್ಯಾಬ್‌ನವರು ಹೇಳದೆ ಕೇಳದೆ ಆಟೋ ಕ್ರಾಪ್ ಮಾಡಿದ್ದರು. ನಾನೂ ಕವರ್‌ಗೆ ಹಾಕುವಾಗ ನೋಡಲಿಲ್ಲ. ಮಾಲೀಕರು ಕೈಗೆ ತಗೊಂಡು ಎರಡು ಸೆಕೆಂಡ್ ನೋಡಿದರು. "ಹಿಂದಿನ ಲೈಟ್ ಎಲ್ಲಿ?" ಅಂದರು. ಆ ಲೈಟಿಗಾಗಿ ಅವರು ಆರು ತಿಂಗಳು ಊರೂರು ಅಲೆದಿದ್ದರಂತೆ. ನನಗೆ ತುಂಬಾ ಬೇಜಾರಾಯ್ತು. ದುಡ್ಡು ವಾಪಸ್ ಕೊಟ್ಟು, ಪೂರ್ತಿ ಫೋಟೊವನ್ನು 8×12ರಲ್ಲಿ ಹಾಕಿಸಿ ಕೊರಿಯರ್ ಮಾಡಿದೆ.

ಎರಡು ಪಾಠ ಇದರಲ್ಲಿ. ಲ್ಯಾಬ್‌ಗೆ ಫೈಲ್ ಕೊಡುವ ಮುಂಚೆ ನೀವೇ ಸರಿಯಾದ ಅಳತೆಗೆ ಕ್ರಾಪ್ ಮಾಡಿ, "ನೋ ಕ್ರಾಪ್, ನೋ ಕರೆಕ್ಷನ್" ಅಂತ ಬರೆದು ಕೊಡಿ. ಫೋಟೊ ತೆಗೆಯುವಾಗಲೇ ಕಾರಿನ ಮುಂದೆ ಹಿಂದೆ ಒಂದಿಷ್ಟು ಜಾಗ ಬಿಡಿ. ಫ್ರೇಮ್ ಹಾಕಿದ ಮೇಲೆ ಅಂಚಿನಲ್ಲಿ ಸುತ್ತಲೂ ಕಾಲು ಇಂಚಿನಷ್ಟು ಒಳಗೆ ಹೋಗುತ್ತೆ, ಅದಕ್ಕೂ ಜಾಗ ಬೇಕು.

ಎ4, ಎ3 ಫ್ರೇಮ್ ಕೇಳುವವರಿದ್ದಾರೆ. ಅದರಲ್ಲೂ ಸ್ವಲ್ಪ ಕತ್ತರಿಸುತ್ತೆ, ಆದರೆ ಒಂದು ಇಂಚಿನ ಆಚೀಚೆ ಅಷ್ಟೇ. ಜಾಗ ಬಿಟ್ಟು ತೆಗೆದಿದ್ದರೆ ತೊಂದರೆ ಇಲ್ಲ.

ಮದುವೆ ಆಲ್ಬಮ್‌ನ 12×36 ಶೀಟ್ ಕಾರಿಗೆ ಬಳಸಬಹುದಾ?

ಖಂಡಿತ ಬಳಸಿ. ನನ್ನ ಕೇಳಿದರೆ ಪಕ್ಕದಿಂದ ತೆಗೆದ ಕಾರಿಗೆ ಇದಕ್ಕಿಂತ ಒಳ್ಳೆಯ ಸೈಜ್ ಇಲ್ಲ.

ಅಂಬಾಸಿಡರ್ ಕಾರನ್ನೇ ತಗೊಳ್ಳಿ. ಉದ್ದ ಸುಮಾರು 4.3 ಮೀಟರ್, ಎತ್ತರ ಸುಮಾರು 1.6 ಮೀಟರ್. ಅಂದರೆ ಎತ್ತರದ ಎರಡೂಮುಕ್ಕಾಲು ಪಟ್ಟು ಉದ್ದ. ಇದನ್ನು 12×18ರಲ್ಲಿ ಹಾಕಿದರೆ ಮೇಲೆ ಬರೀ ಆಕಾಶ, ಕೆಳಗೆ ಬರೀ ರಸ್ತೆ. 12×36 ಅಂದರೆ ಮೂರು ಪಟ್ಟು ಉದ್ದ. ಕಾರು ಅದರಲ್ಲಿ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತೆ. ಸೋಫಾ ಮೇಲಿನ ಗೋಡೆಗೆ, ಇಲ್ಲಾ ಗ್ಯಾರೇಜ್ ಗೋಡೆಗೆ ಹೇಳಿ ಮಾಡಿಸಿದ ಸೈಜ್. ಆಲ್ಬಮ್ ಲ್ಯಾಬ್‌ಗಳು ದಿನಾ ಇದೇ ಶೀಟ್ ಹೊಡೆಯುವುದರಿಂದ ರೇಟೂ ಕೈಗೆ ಸಿಗುತ್ತೆ. ಪುಟ್ಟ ಮಾರುತಿ 800 ಆದರೆ 12×30 ಸಾಕು, ಅದು ಅಷ್ಟು ಉದ್ದ ಇಲ್ಲ.

ಒಂದು ಎಚ್ಚರಿಕೆ. 24 ಮೆಗಾಪಿಕ್ಸೆಲ್ ಫೋಟೊದಿಂದ ಈ ಅಳತೆಗೆ ಪಟ್ಟಿ ಕತ್ತರಿಸಿದರೆ ಉಳಿಯುವುದು 6000×2000 ಪಿಕ್ಸೆಲ್. 36 ಇಂಚಿಗೆ ಹರಡಿದರೆ ಇಂಚಿಗೆ ಸುಮಾರು 166. ಆರು ಅಡಿ ದೂರದಿಂದ ನೋಡಿದರೆ ಚೆನ್ನಾಗೇ ಇರುತ್ತೆ. ಆದರೆ ಕಾರಿನ ಮಾಲೀಕರು ಮೂಗು ತಾಗುವಷ್ಟು ಹತ್ತಿರ ಹೋಗಿ ವೀಲ್ ಕ್ಯಾಪ್ ನೋಡುತ್ತಾರೆ. ಅದಕ್ಕೇ ನಾನು ಕ್ಯಾಮೆರಾ ಲಂಬವಾಗಿ ಹಿಡಿದು, ನಿಂತ ಜಾಗ ಕದಲದೆ, ನಾಲ್ಕೈದು ಫೋಟೊ ತೆಗೆದು ಕಂಪ್ಯೂಟರ್‌ನಲ್ಲಿ ಜೋಡಿಸುತ್ತೇನೆ. ದೂರ ನಿಂತು ಉದ್ದದ ಲೆನ್ಸ್‌ನಲ್ಲಿ ತೆಗೆಯಿರಿ. ಹತ್ತಿರದಿಂದ ವೈಡ್‌ನಲ್ಲಿ ತೆಗೆದರೆ ಮುಂದಿನ ಚಕ್ರ ದೊಡ್ಡದು, ಹಿಂದಿನದು ಚಿಕ್ಕದು ಕಾಣುತ್ತೆ.

ನನ್ನ ಕ್ಯಾಮೆರಾದಲ್ಲಿ, ಫೋನ್‌ನಲ್ಲಿ ಎಷ್ಟು ದೊಡ್ಡ ಪ್ರಿಂಟ್ ಬರುತ್ತೆ?

ಕೈಯಲ್ಲಿ ಹಿಡಿದು ನೋಡುವ ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್, ಗೋಡೆಗೆ ಹಾಕುವ ಪ್ರಿಂಟ್‌ಗೆ 200 ಇದ್ದರೆ ಸಾಕು. 8×12ಗೆ 3600×2400 ಬೇಕು. 12×18ಗೆ 5400×3600. 24 ಮೆಗಾಪಿಕ್ಸೆಲ್ ಕ್ಯಾಮೆರಾ 6000×4000 ಕೊಡುತ್ತೆ, ಅಂದರೆ 12×18 ನಿರಾಯಾಸ, 20×30ಗೆ ಸರಿಯಾಗಿ 200.

12 ಮೆಗಾಪಿಕ್ಸೆಲ್ ಫೋನಿನಲ್ಲಿ ಹಗಲು ಬೆಳಕಿನಲ್ಲಿ ತೆಗೆದದ್ದು 8×12ಗೆ ಧಾರಾಳ, 12×18ಗೂ ನಡೆಯುತ್ತೆ. ಸಂಜೆ ತೆಗೆದದ್ದು ಬೇಡ, ಪೇಂಟ್ ಎಲ್ಲ ಮೇಣ ಬಳಿದ ಹಾಗೆ ಕಾಣುತ್ತೆ.

ಪಿಕ್ಸೆಲ್‌ಗಿಂತ ಪ್ರಿಂಟ್ ಹಾಳು ಮಾಡುವುದು ಪೇಂಟ್ ಮೇಲಿನ ಹೊಳಪು. ಲೆನ್ಸ್ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಒಂದು ತಗೊಳ್ಳಿ. ಅದನ್ನು ತಿರುಗಿಸುತ್ತಾ ಹೋದರೆ ಗಾಜಿನ ಮೇಲಿನ ಆಕಾಶದ ಪ್ರತಿಬಿಂಬ ಕರಗಿ ಒಳಗಿನ ಸೀಟು ಕಾಣಲು ಶುರುವಾಗುತ್ತೆ. ಕೆಂಪು ಕಾರುಗಳಲ್ಲಿ ಇನ್ನೊಂದು ಸಮಸ್ಯೆ. ಬಿಸಿಲಿಗೆ ಕೆಂಪು ಚಾನೆಲ್ ತುಂಬಿಹೋಗಿ ಬಾನೆಟ್‌ನ ಉಬ್ಬುತಗ್ಗು ಕಾಣುವುದೇ ಇಲ್ಲ, ಬರೀ ಕೆಂಪು ರಟ್ಟಿನ ಹಾಗಾಗುತ್ತೆ. ಸ್ವಲ್ಪ ಡಾರ್ಕ್ ಆಗಿ ತೆಗೆದು ಆಮೇಲೆ ಎಡಿಟ್ ಮಾಡುವಾಗ ಬ್ರೈಟ್ ಮಾಡಿಕೊಳ್ಳಿ.

ಪೇಪರ್ ಯಾವುದು? ಗ್ಲಾಸಿನಾ, ಮ್ಯಾಟಾ?

ಮಾರಾಟದ ಟೇಬಲ್‌ಗೆ ಮ್ಯಾಟ್ ಅಥವಾ ಲಸ್ಟರ್ (ಅರ್ಧ ಹೊಳಪಿನ ಪೇಪರ್). ಬಿಸಿಲಲ್ಲಿ ಗ್ಲಾಸಿ ಹಿಡಿದರೆ ಗಿರಾಕಿಗೆ ಅವರ ಮುಖವೇ ಕಾಣುತ್ತೆ. ಬೆರಳಿನ ಗುರುತೂ ಬೀಳುತ್ತೆ. ಮನೆಯಲ್ಲಿ ಟ್ಯೂಬ್‌ಲೈಟ್ ಎದುರಿನ ಗೋಡೆಗೂ ಅದೇ ಕಥೆ.

ಕ್ರೋಮ್ ಜಾಸ್ತಿ ಇರುವ ಕಾರಿಗೆ ಮಾತ್ರ ಮೆಟಾಲಿಕ್ ಪೇಪರ್ ಹಾಕಿಸಿ ನೋಡಿ. ಮುತ್ತಿನ ಹೊಳಪಿರುವ ಪೇಪರ್ ಅದು. ಬಂಪರ್, ಗ್ರಿಲ್, ಹೆಡ್‌ಲೈಟ್ ರಿಂಗ್ ನಿಜವಾಗಲೂ ಲೋಹದ ಹಾಗೆ ಕಾಣುತ್ತೆ. ಒಂದೇ ಒಂದು ಸ್ಯಾಂಪಲ್ ಮಾಡಿಸಿ ಟೇಬಲ್ ಮೇಲಿಡಿ, ಕೇಳಿದವರಿಗೆ ಆರ್ಡರ್ ತಗೊಳ್ಳಿ.

ಸ್ಕ್ರೀನ್‌ನಲ್ಲಿ ಚೆನ್ನಾಗಿರುತ್ತೆ, ಪ್ರಿಂಟ್ ಕಪ್ಪಗೆ ಬರುತ್ತೆ. ಯಾಕೆ?

ನಿಮ್ಮ ಸ್ಕ್ರೀನ್ ಬ್ರೈಟ್‌ನೆಸ್ ಜಾಸ್ತಿ ಇದೆ, ಅಷ್ಟೇ. ಅದನ್ನು ಅರ್ಧಕ್ಕೆ ಇಳಿಸಿ ಎಡಿಟ್ ಮಾಡಿ. ಫೈಲ್ ಎಸ್‌ಆರ್‌ಜಿಬಿ ಅನ್ನುವ ಬಣ್ಣದ ಸೆಟ್ಟಿಂಗ್‌ನಲ್ಲೇ ಕೊಡಿ. ಮೊದಲ ಸಲ ಹೋಗುವ ಲ್ಯಾಬ್ ಆದರೆ ಕಪ್ಪು ಕಾರು, ಬಿಳಿ ಕಾರು, ಕೆಂಪು ಕಾರು ಒಂದೊಂದು 4×6 ಹಾಕಿಸಿ, ಬಾಗಿಲ ಹತ್ತಿರದ ಬೆಳಕಲ್ಲಿ ನೋಡಿ. ಮೂವತ್ತು ನಲವತ್ತು ರೂಪಾಯಿ ಖರ್ಚು. ನೂರು ಪ್ರಿಂಟ್ ಹಾಳಾಗುವುದು ತಪ್ಪುತ್ತೆ.

ಶೋದಲ್ಲೇ ಪ್ರಿಂಟ್ ಹೊಡೆದು ಕೊಡಬಹುದಾ?

ಕೊಡಬಹುದು. ಮದುವೆ ಮನೆಗಳಲ್ಲಿ ಸ್ಥಳದಲ್ಲೇ ಫೋಟೊ ಕೊಡುತ್ತಾರಲ್ಲ, ಅದೇ ಡೈ ಸಬ್ಲಿಮೇಷನ್ ಪ್ರಿಂಟರ್. 4×6 ಆದರೆ ಅರ್ಧ ನಿಮಿಷದ ಒಳಗೆ ಬರುತ್ತೆ. ಕೈಗೆ ಬರುವಾಗಲೇ ಒಣಗಿರುತ್ತೆ. ಸಾಮಾನ್ಯವಾಗಿ ಸಿಗುವ ಮಾಡೆಲ್‌ಗಳಲ್ಲಿ 6×8 ದೊಡ್ಡ ಸೈಜ್. ನಾನು 6×8 ಇಟ್ಟಿರುವುದಕ್ಕೆ ಇದೂ ಒಂದು ಕಾರಣ.

ಪ್ರಿಂಟರ್ ಸ್ವಂತದ್ದು ಬೇಕು ಅಂತಿಲ್ಲ, ದಿನದ ಬಾಡಿಗೆಗೆ ಸಿಗುತ್ತೆ. ಆದರೆ ಕರೆಂಟ್ ಎಲ್ಲಿಂದ ಅಂತ ಆಯೋಜಕರನ್ನು ಮೊದಲೇ ಕೇಳಿ. ಮೈದಾನದ ಶೋಗಳಲ್ಲಿ ಜನರೇಟರ್ ಸ್ಟೇಜ್‌ಗೆ ಮಾತ್ರ ಇರುತ್ತೆ.

ಸರಿ, ಬೆಲೆ ಹೇಗೆ ಇಡೋದು?

ಇಲ್ಲೇ ಎಲ್ಲರೂ ಎಡವುವುದು. "ಲ್ಯಾಬ್‌ನಲ್ಲಿ 70 ರೂಪಾಯಿ ಆಯ್ತು, 150ಕ್ಕೆ ಮಾರಿದರೆ ಡಬಲ್ ಲಾಭ" ಅನ್ನುತ್ತಾರೆ. ಅದು ಲಾಭ ಅಲ್ಲ. ಭಾನುವಾರ ಇಡೀ ದಿನ ಬಿಸಿಲಲ್ಲಿ ನಿಂತು ಕೈಯಿಂದ ದುಡ್ಡು ಹಾಕಿದ ಹಾಗೆ.

ಲೆಕ್ಕ ಬಿಡಿಸಿ ನೋಡೋಣ. ಒಂದು ಶೋ ದಿನ ಸ್ಟಾಲ್ ಬಾಡಿಗೆ 1,500 ಅಂದುಕೊಳ್ಳಿ. ಪೆಟ್ರೋಲ್, ಊಟ, ಪಾರ್ಕಿಂಗ್ 700. ಜೊತೆಗೆ ನಿಲ್ಲುವ ಹುಡುಗನಿಗೆ 800. ಒಟ್ಟು 3,000. ಆ ದಿನ ಹದಿನೈದು ಪ್ರಿಂಟ್ ಹೋದರೆ ಒಂದೊಂದರ ತಲೆ ಮೇಲೆ 200 ರೂಪಾಯಿ ದಿನದ ಖರ್ಚು ಕೂರುತ್ತೆ.

ಈಗ 8×12. ಪ್ರಿಂಟ್ 70, ಹಿಂದಿನ ರಟ್ಟು ಮತ್ತು ಪ್ಲಾಸ್ಟಿಕ್ ಕವರ್ 30. ಐದಕ್ಕೊಂದು ಮಾರಾಟ ಆಗದೆ ಉಳಿಯುತ್ತೆ, ಅದರ ಪಾಲು 25. ದಿನದ ಖರ್ಚು 200. ಒಟ್ಟು 325. ಇದನ್ನು 300ಕ್ಕೆ ಮಾರಿದರೆ ಪ್ರತಿ ಪ್ರಿಂಟ್‌ಗೂ 25 ರೂಪಾಯಿ ನೀವೇ ಕೊಟ್ಟು ಕಳಿಸಿದ ಹಾಗಾಯ್ತು. 500ಕ್ಕೆ ಮಾರಿದರೆ 175 ಉಳಿಯುತ್ತೆ. ಹದಿನೈದಕ್ಕೆ 2,625. ಇದರಲ್ಲಿ ನೀವು ಎಡಿಟ್ ಮಾಡಿದ ರಾತ್ರಿಗಳು, ಟೇಬಲ್ ಹಿಂದೆ ನಿಂತ ದಿನ, ಕ್ಯಾಮೆರಾ ಸವೆತ ಎಲ್ಲ ಬರಬೇಕು. ಜಾಸ್ತಿ ಅಂತ ಅನ್ನಿಸುತ್ತಾ? ನನಗಂತೂ ಇಲ್ಲ.

12×18 ನೋಡಿ. ಪ್ರಿಂಟ್ 150, ರಟ್ಟು ಕವರ್ 60, ಉಳಿಕೆಯ ಪಾಲು 50, ದಿನದ ಖರ್ಚು ಅದೇ 200. ಒಟ್ಟು 460. ನಾನು 1,000ಕ್ಕೆ ಮಾರುತ್ತೇನೆ. 540 ಉಳಿಯುತ್ತೆ. ಅಂದರೆ ಒಂದು 12×18 ಮೂರು 8×12ರಷ್ಟು ದುಡಿಯುತ್ತೆ. ಗಿರಾಕಿ ಜೊತೆ ಮಾತಾಡುವ ಹೊತ್ತು ಮಾತ್ರ ಎರಡಕ್ಕೂ ಒಂದೇ.

6×8ನ್ನು 200ಕ್ಕೆ ಕೊಡುತ್ತೇನೆ. ನಿಜ ಹೇಳಬೇಕೆಂದರೆ ಅದು ದಿನದ ಖರ್ಚು ಹೊರುವುದಿಲ್ಲ. ಕಾಲೇಜು ಹುಡುಗರು, ಮಕ್ಕಳ ಕೈ ಹಿಡಿದು ಬಂದವರು ಬರಿಗೈಲಿ ಹೋಗಬಾರದು ಅಂತ ಇಟ್ಟಿದ್ದೇನೆ. ಹಿಂದೆ ನನ್ನ ನಂಬರ್ ಸೀಲ್ ಇರುತ್ತೆ. ಅದನ್ನು ನೋಡಿ ಆರು ತಿಂಗಳ ಮೇಲೆ ಫೋನ್ ಮಾಡಿದವರಿದ್ದಾರೆ.

200, 500, 1,000. ಬೆಲೆ ಹೀಗೆ ಇಡೀ ನೋಟಿನಲ್ಲಿರಲಿ. 349, 799 ಅಂತೆಲ್ಲ ಬರೆದರೆ ಚಿಲ್ಲರೆ ಹುಡುಕಬೇಕು, ನೋಡಲೂ ಸೂಪರ್ ಮಾರ್ಕೆಟ್ ಥರ ಕಾಣುತ್ತೆ.

ದೊಡ್ಡ ಸೈಜ್‌ಗೆ ಚದರ ಇಂಚಿನ ಲೆಕ್ಕದಲ್ಲಿ ಬೆಲೆ ಹಾಕಬಹುದಾ?

ಬೇಡ. 12×18 ಅಂದರೆ 216 ಚದರ ಇಂಚು, 8×12ರ ಎರಡೂಕಾಲು ಪಟ್ಟು. ಆ ಲೆಕ್ಕ ಹಿಡಿದರೆ 1,125 ಆಗಬೇಕು. ನಾನು ಬೇಕಂತಲೇ ಸರಿಯಾಗಿ ಎರಡು ಪಟ್ಟು ಇಟ್ಟಿದ್ದೇನೆ. "ಎರಡು ಚಿಕ್ಕದರ ಬೆಲೆಗೆ ಒಂದು ದೊಡ್ಡದು" ಅಂತ ಗಿರಾಕಿ ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ.

12×36ಗೆ 2,500 ತಗೋತೇನೆ. ಜೋಡಿಸುವ ಕೆಲಸ ಇರುತ್ತೆ, ಒಂದೇ ಗಿರಾಕಿಗೆ ಒಂದೇ ಪ್ರಿಂಟ್. ಅರ್ಧ ಅಡ್ವಾನ್ಸ್ ತಗೊಳ್ಳಿ. ಅಡ್ವಾನ್ಸ್ ಇಲ್ಲದೆ ಮಾಡಿಸಿಟ್ಟ ಇನ್ನೊಬ್ಬರ ಕಾರಿನ ಫೋಟೊವನ್ನು ಬೇರೆ ಯಾರಿಗೂ ಮಾರಲು ಆಗಲ್ಲ.

"ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಸರ್" ಅಂದರೆ?

ಕೇಳುವುದು ನಮ್ಮಲ್ಲಿ ರೂಢಿ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಆದರೆ ಬೆಲೆ ಇಳಿಸಬೇಡಿ. ಕಾರಿನವರೆಲ್ಲ ಒಬ್ಬರಿಗೊಬ್ಬರು ಗೊತ್ತು. ಒಬ್ಬರಿಗೆ 400ಕ್ಕೆ ಕೊಟ್ಟರೆ ಊಟದ ಹೊತ್ತಿಗೆ ಸಾಲಿನ ಕೊನೇ ಕಾರಿನವರಿಗೂ ಸುದ್ದಿ ಮುಟ್ಟಿರುತ್ತೆ. 500 ಕೊಟ್ಟು ತಗೊಂಡವರ ಮುಖ ಆಮೇಲೆ ಹೇಗೆ ನೋಡುತ್ತೀರಿ?

ನಾನು ಜೊತೆಗೆ ಏನಾದರೂ ಕೊಡುತ್ತೇನೆ. ಎರಡು 8×12 ತಗೊಂಡರೆ ಅದೇ ಕಾರಿನ ಒಂದು 4×6 ಸುಮ್ನೆ ಕೊಡುತ್ತೇನೆ. ನನಗೆ ಹತ್ತು ಹನ್ನೆರಡು ರೂಪಾಯಿ ಖರ್ಚು, ಅವರು ಅದನ್ನು ಕಾರಿನ ಸನ್ ವೈಸರ್‌ಗೆ ಸಿಕ್ಕಿಸಿಕೊಳ್ಳುತ್ತಾರೆ.

"ಪ್ರಿಂಟ್ ಬೇಡ, ಸಾಫ್ಟ್ ಕಾಪಿ ವಾಟ್ಸಾಪ್ ಮಾಡಿ" ಅಂತಾರೆ. ಕೊಡಬೇಕಾ?

ಪ್ರಿಂಟ್ ತಗೊಂಡವರಿಗೆ ಚಿಕ್ಕ ಫೈಲ್ ಉಚಿತವಾಗಿ ಕಳಿಸಿ. ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದ ಫೋಟೊ ಉದ್ದದಲ್ಲಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತೆ. ಸ್ಟೇಟಸ್‌ಗೆ ಸಾಕು, 4×6 ದಾಟಿದರೆ ಚೆನ್ನಾಗಿ ಬರಲ್ಲ. ಅದು ನಿಮ್ಮ ಹೆಸರು ಹತ್ತು ಜನಕ್ಕೆ ಮುಟ್ಟಿಸುತ್ತೆ.

ಪೂರ್ತಿ ಫೈಲ್ ಬೇಕು ಅಂದರೆ ಅದಕ್ಕೆ ಬೆಲೆ ಇದೆ, ಮತ್ತು ಅದು 12×18 ಪ್ರಿಂಟ್‌ಗಿಂತ ಜಾಸ್ತಿ ಇರಬೇಕು. ಫೈಲ್ ಕೊಟ್ಟ ಮೇಲೆ ಅವರು ಎಷ್ಟು ಪ್ರಿಂಟ್ ಬೇಕಾದರೂ ಹಾಕಿಸಿಕೊಳ್ಳಬಹುದಲ್ವಾ? ನಾನು 1,500 ಹೇಳುತ್ತೇನೆ. ಅರ್ಧದಷ್ಟು ಜನ "ಹಾಗಾದ್ರೆ ಪ್ರಿಂಟೇ ಕೊಡಿ" ಅನ್ನುತ್ತಾರೆ.

ಫ್ರೇಮ್ ಹಾಕಿಸಿ ಮಾರಬೇಕಾ?

ಟೇಬಲ್ ಮೇಲೆ ಒಂದೆರಡು ಫ್ರೇಮ್ ತೋರಿಸಲು ಇರಲಿ. ಮಾರಲು ರಾಶಿ ಒಯ್ಯಬೇಡಿ. ಗಾಜು ಭಾರ, ದಾರಿಯಲ್ಲಿ ಒಡೆಯುತ್ತೆ. ಗಿರಾಕಿ ಮನೆಯ ಗೋಡೆ, ಬಾಗಿಲ ಬಣ್ಣ ನಿಮಗೆ ಗೊತ್ತಿರಲ್ಲ. ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿ ಎಲ್ಲರ ಮನೆ ಹತ್ತಿರವೂ ಇರುತ್ತೆ, ಅಲ್ಲೇ ಹಾಕಿಸಿಕೊಳ್ಳಲಿ. ಒಂದು ಮಾತು ಮಾತ್ರ ಹೇಳಿ ಕಳಿಸಿ: ಗಾಜಿಗೆ ಫೋಟೊ ನೇರವಾಗಿ ಅಂಟಬಾರದು, ನಡುವೆ ಮೌಂಟ್ (ಫೋಟೊ ಸುತ್ತ ಹಾಕುವ ದಪ್ಪ ರಟ್ಟಿನ ಅಂಚು) ಹಾಕಿಸಿ ಅಂತ. ಮಂಗಳೂರು, ಉಡುಪಿ ಕಡೆಯ ಮಳೆಗಾಲದ ತೇವಕ್ಕೆ ಫೋಟೊ ಗಾಜಿಗೆ ಹಿಡಿದುಕೊಂಡರೆ ಬಿಡಿಸಲು ಆಗಲ್ಲ. ನೇರ ಬಿಸಿಲು ಬೀಳುವ ಗೋಡೆಯೂ ಬೇಡ.

ಫ್ರೇಮ್ ಬೇಡ ಅನ್ನುವವರಿಗೆ ಸನ್‌ಬೋರ್ಡ್ (ಫೋಮ್ ಹಲಗೆ) ಮೇಲೆ ಅಂಟಿಸಿ, ಮ್ಯಾಟ್ ಲ್ಯಾಮಿನೇಷನ್ ಮಾಡಿಸಿ ಕೊಡಿ. ಹಗುರ, ಎರಡು ಕಡೆ ಅಂಟುವ ಟೇಪ್‌ನಲ್ಲೇ ನಿಲ್ಲುತ್ತೆ. ಗ್ಯಾರೇಜ್‌ಗೆ ಹಾಕುವವರು ಇದನ್ನೇ ಕೇಳುತ್ತಾರೆ.

ಒಂದು ಶೋಗೆ ಎಷ್ಟು ಪ್ರಿಂಟ್ ಒಯ್ಯಬೇಕು?

ಹಿಂದಿನ ಶೋಗಳಲ್ಲಿ ತೆಗೆದದ್ದು ಇಪ್ಪತ್ತೈದು ಮೂವತ್ತು 8×12, ನಾಲ್ಕೈದು 12×18. ಅದರಲ್ಲಿ ಒಂದು 12×18 ಕಣ್ಣಿನ ಎತ್ತರಕ್ಕೆ ನೇತು ಹಾಕಿ. ಜನ ದೂರದಿಂದ ನೋಡಿ ಬರುವುದು ಅದಕ್ಕೇ. ಅದು ಕಣ್ಣಿಗೆ ಬಿದ್ದ ಮೇಲೆ 8×12 ಚಿಕ್ಕದು ಅನ್ನಿಸಲು ಶುರುವಾಗುತ್ತೆ.

ಯಾವ ಕಾರುಗಳು ಬರುತ್ತವೆ ಅಂತ ಆಯೋಜಕರ ಹತ್ತಿರ ಪಟ್ಟಿ ಕೇಳಿ. ಪ್ರತಿ ವರ್ಷ ಬರುವ ಕಾರುಗಳು ಅವವೇ ಇರುತ್ತವೆ. ಹೋದ ವರ್ಷ ತೆಗೆದ ಅವರ ಕಾರಿನ ಫೋಟೊ ಡಬ್ಬಿಯಲ್ಲಿದ್ದರೆ, ಅವರು ಅದನ್ನು ವಾಪಸ್ ಇಟ್ಟು ಹೋಗುವುದು ಕಮ್ಮಿ. ಕಾರಿನ ಹೆಸರಿನ ಪ್ರಕಾರ ಡಬ್ಬಿಯಲ್ಲಿ ಜೋಡಿಸಿ, ಮಧ್ಯೆ ರಟ್ಟಿನ ಚೀಟಿ ಇಡಿ: "ಫಿಯೆಟ್", "ಮೋರಿಸ್", "ಜೀಪ್".

ಬೆಂಗಳೂರಲ್ಲಿ ಜುಲೈನ ಎರಡನೇ ಭಾನುವಾರ ಜಾವಾ, ಯೆಜ್ಡಿಯವರು ಸೇರುತ್ತಾರೆ. ಅವತ್ತು ಕಾರಿನ ಪ್ರಿಂಟ್ ಕಮ್ಮಿ ಒಯ್ದು ಬೈಕ್‌ನದ್ದು ತುಂಬಿಕೊಂಡು ಹೋಗಿ. ಬೈಕ್ ಫೋಟೊ ಅಷ್ಟು ಉದ್ದ ಬೇಡ, 8×12ಗೆ ಸೊಗಸಾಗಿ ಕೂರುತ್ತೆ.

ಇನ್ನೊಬ್ಬರ ಕಾರಿನ ಫೋಟೊ ಮಾರಲು ಅನುಮತಿ ಬೇಕಾ?

ಮೊದಲು ಫೋಟೊ ಹಕ್ಕು ಯಾರದ್ದು ಅಂತ ತಿಳಿದುಕೊಳ್ಳಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನೀವಾಗಿಯೇ ತೆಗೆದ ಫೋಟೊದ ಹಕ್ಕು ನಿಮ್ಮದು. ಆದರೆ ಒಬ್ಬರು ದುಡ್ಡು ಕೊಟ್ಟು "ನನ್ನ ಕಾರಿನ ಫೋಟೊ ತೆಗೆದುಕೊಡಿ" ಅಂತ ತೆಗೆಸಿಕೊಂಡರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಹಕ್ಕು ಅವರದ್ದಾಗುತ್ತೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಆ ಫೋಟೊವನ್ನು ನೀವು ಮುಂದಿನ ಶೋದಲ್ಲಿ ಮಾರಬೇಕು ಅಂದರೆ ಮೊದಲೇ ಎರಡು ಸಾಲು ಬರೆಸಿಕೊಳ್ಳಿ.

ಕಾನೂನು ಏನೇ ಇರಲಿ, ನಾನು ಮಾಲೀಕರನ್ನು ಕೇಳಿಯೇ ಮಾರುತ್ತೇನೆ. ಅವರು ವರ್ಷಗಟ್ಟಲೆ ದುಡಿದು ಎಬ್ಬಿಸಿ ನಿಲ್ಲಿಸಿದ ಗಾಡಿ ಅದು. "ಬೇಡ" ಅಂದವರ ಫೋಟೊ ಡಬ್ಬಿಯಿಂದ ತೆಗೆದುಬಿಡುತ್ತೇನೆ. ನಂಬರ್ ಪ್ಲೇಟ್ ಮುಚ್ಚಬೇಕಾ ಅಂತ ಕೇಳುತ್ತಾರೆ. ಮಾಲೀಕರಿಗೆ ಕೊಡುವ ಪ್ರಿಂಟ್‌ನಲ್ಲಿ ಖಂಡಿತ ಮುಚ್ಚಬೇಡಿ. ಮೈಸೂರು ರಾಜ್ಯದ ಕಾಲದ, ಎಂವೈ ಅಂತ ಶುರುವಾಗುವ ನಂಬರ್ ಇದ್ದರೆ ಅವರು ಕಾರಿಗಿಂತ ಮೊದಲು ಅದನ್ನೇ ತೋರಿಸುತ್ತಾರೆ. ಬೇರೆಯವರಿಗೆ ಮಾರುವ ಪ್ರಿಂಟ್‌ನಲ್ಲಿ ಇರಬೇಕೋ ಬೇಡವೋ ಅಂತ ಮಾಲೀಕರನ್ನೇ ಕೇಳಿ.

ಧರ್ಮಸ್ಥಳದ ಮಂಜೂಷಾ, ಶ್ರೀರಂಗಪಟ್ಟಣದ ಹತ್ತಿರದ ಪಯಣ ಇಂಥ ಮ್ಯೂಸಿಯಂಗಳಲ್ಲಿ ಒಳ್ಳೊಳ್ಳೆ ಹಳೇ ಗಾಡಿಗಳಿವೆ. ಕಣ್ಣು ಪಳಗಿಸಿಕೊಳ್ಳಲು ಹೋಗಿ ಬನ್ನಿ. ಅಲ್ಲಿ ತೆಗೆದದ್ದನ್ನು ಮಾರುವ ಯೋಚನೆ ಇದ್ದರೆ ಕೌಂಟರ್‌ನಲ್ಲಿ ಕೇಳಿಕೊಂಡೇ ಮುಂದುವರಿಯಿರಿ.

ಜಿಎಸ್‌ಟಿ ಬೇಕಾ?

ಕರ್ನಾಟಕದ ಒಳಗೆ ಬರೀ ವಸ್ತು ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟಿನವರೆಗೆ ನೋಂದಣಿ ಕಡ್ಡಾಯ ಇಲ್ಲ. ಫೋಟೊ ತೆಗೆದುಕೊಡುವುದು ಸೇವೆ, ಅದಕ್ಕೆ ಮಿತಿ 20 ಲಕ್ಷ. ಎರಡೂ ಮಾಡುವವರು 20 ಅಂತಲೇ ಹಿಡಿಯಿರಿ. ಹೊರ ರಾಜ್ಯದ ಶೋಗೆ ಹೋಗಿ ಸ್ಟಾಲ್ ಹಾಕುವುದಾದರೆ ನಿಯಮ ಬೇರೆ, ಹೊರಡುವ ಮುಂಚೆ ಆಡಿಟರ್‌ನ ಕೇಳಿ. 2025ರಲ್ಲಿ ಯುಪಿಐ ಲೆಕ್ಕ ನೋಡಿ ನಮ್ಮ ಸಣ್ಣ ಅಂಗಡಿಯವರಿಗೆ ನೋಟಿಸ್ ಬಂದಿದ್ದು ನೆನಪಿದೆಯಲ್ವಾ? ಮನೆ ದುಡ್ಡಿಗೂ ಮಾರಾಟದ ದುಡ್ಡಿಗೂ ಬೇರೆ ಬೇರೆ ಖಾತೆ ಇಟ್ಟು, ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಶೋ ಇಲ್ಲದ ತಿಂಗಳಲ್ಲಿ ಮಾರಾಟ ಹೇಗೆ?

ಆಯುಧಪೂಜೆ. ಗಾಡಿ ತೊಳೆದು, ಚೆಂಡು ಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆಯುವ ದಿನ. ವರ್ಷದಲ್ಲಿ ಅವತ್ತು ಪ್ರತಿಯೊಬ್ಬರಿಗೂ ತಮ್ಮ ಗಾಡಿ ಮೇಲೆ ಪ್ರೀತಿ ಉಕ್ಕುತ್ತೆ. ಮೂರು ವಾರ ಮುಂಚೆ ಹಳೇ ಗಿರಾಕಿಗಳಿಗೆಲ್ಲ ಅವರವರ ಕಾರಿನ ಚಿಕ್ಕ ಫೋಟೊ ಕಳಿಸಿ, "ಹಬ್ಬಕ್ಕೆ ಗೋಡೆಗೆ ಹಾಕಿಸ್ತೀರಾ?" ಅಂತ ಕೇಳುತ್ತೇನೆ. ಹಬ್ಬದ ವಾರಕ್ಕೆ ಬಿಟ್ಟರೆ ಲ್ಯಾಬ್, ಫ್ರೇಮ್ ಅಂಗಡಿ ಎರಡೂ ತುಂಬಿರುತ್ತವೆ.

ಹಬ್ಬದ ದಿನ ಕರೆದರೆ ಕ್ಯಾಮೆರಾ ತಗೊಂಡು ಹೋಗಿ. ಹಾರ ಹಾಕಿದ ಅಂಬಾಸಿಡರ್, ಮುಂದೆ ಮೂರು ತಲೆಮಾರು ನಿಂತ ಫೋಟೊ 12×18ಕ್ಕಿಂತ ಚಿಕ್ಕದಾಗಿ ಯಾರೂ ಕೇಳಿಲ್ಲ.

ಮಳೆ, ಗಾಳಿ ಬಂದರೆ?

ಪ್ರತಿ ಪ್ರಿಂಟ್ ಹಿಂದೆ ರಟ್ಟು ಇಟ್ಟು, ಅಂಟು ಇರುವ ಪ್ಲಾಸ್ಟಿಕ್ ಕವರ್‌ನಲ್ಲಿ ಮುಚ್ಚಿ. ರಟ್ಟು ಇಲ್ಲದ ಪ್ರಿಂಟ್ ಏಪ್ರಿಲ್ ಬಿಸಿಲಿಗೆ ಹನ್ನೊಂದು ಗಂಟೆಗೇ ಸುರುಳಿ ಸುತ್ತುತ್ತೆ. ಸ್ಟ್ಯಾಂಡ್ ಕಾಲಿಗೆ ನೀರಿನ ಕ್ಯಾನ್ ಕಟ್ಟಿ. ಸ್ಟ್ಯಾಂಡ್ ಯಾವುದೇ ಕಾರಿನ ಕಡೆಗೆ ಬೀಳದ ಹಾಗೆ ಇಡಿ, ಇದು ಎಲ್ಲಕ್ಕಿಂತ ಮುಖ್ಯ. ಮೇ ತಿಂಗಳ ಮಧ್ಯಾಹ್ನ ಬೆಂಗಳೂರಲ್ಲಿ ಮೋಡ ಕಟ್ಟಲು ಐದು ನಿಮಿಷ ಸಾಕು. ದೊಡ್ಡ ಪ್ಲಾಸ್ಟಿಕ್ ಹೊದಿಕೆಯೊಂದು ಟೇಬಲ್ ಕೆಳಗೆ ಮಡಚಿ ಇಟ್ಟಿರಿ. ಪಕ್ಕದ ಕಾರಿನವರು ತಮ್ಮ ಗಾಡಿ ಮುಚ್ಚಲು ಓಡಿದಾಗ, ನಿಮ್ಮ ಡಬ್ಬಿ ಮುಚ್ಚಿ ಅವರಿಗೂ ಒಂದು ಕೈ ಕೊಡಿ.